ಗಿಡಕ್ಕೆ ಶತ್ರುವಿನ ಸುದ್ದಿ ಮುಟ್ಟುವುದು ಹೇಗೆ? ಸಿಂಧನೂರಿನ ಭತ್ತದಿಂದ ನಮ್ಮ ತೋಟಕ್ಕೊಂದು ಪಾಠ

ಕಾಫಿ, ಅಡಿಕೆ ಬೆಳೆಯುವವರ ಪತ್ರಿಕೆಯಲ್ಲಿ ಭತ್ತದ ಮಾತೇಕೆ ಎಂದು ಸದಸ್ಯರು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಆದರೆ ಗಿಡವೊಂದು ತನ್ನ ಮೈಮೇಲೆ ಬಂದ ರೋಗಾಣುವನ್ನು ಹೇಗೆ ಗುರುತಿಸುತ್ತದೆ, ಗುರುತಿಸಿದ ಸುದ್ದಿಯನ್ನು ಒಳಗೆ ಹೇಗೆ ಮುಟ್ಟಿಸುತ್ತದೆ ಎಂಬ ವಿಷಯದಲ್ಲಿ ವಿಜ್ಞಾನಿಗಳು ಕಲಿತಿರುವುದರಲ್ಲಿ ಬಹುಭಾಗ ಭತ್ತದಂತಹ ಬೆಳೆಗಳಿಂದ ಬಂದದ್ದು. ಅದೇ ಬಗೆಯ ಪ್ರೋಟೀನುಗಳು ನಮ್ಮ ಕಾಫಿ ಗಿಡದಲ್ಲಿಯೂ ಅಡಿಕೆ ಮರದಲ್ಲಿಯೂ ಇವೆ. ಅವುಗಳ ಕೆಲಸ ಇನ್ನೂ ಪೂರ್ತಿ ತಿಳಿದಿಲ್ಲ. ಆದರೂ "ರೋಗನಿರೋಧಕ ತಳಿ", "ರೋಗನಿರೋಧಕ ಶಕ್ತಿ ಹೆಚ್ಚಿಸುವ ಔಷಧಿ" ಎಂಬ ಮಾತುಗಳು ದಿನನಿತ್ಯ ನಮ್ಮ ಕಿವಿಗೆ ಬೀಳುತ್ತಿವೆ. ಈ ಮಾತುಗಳನ್ನು ತೂಗಿ ನೋಡಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಈ ಪಾಠದ ಉದ್ದೇಶ.

ಕಾಲುವೆಯ ನೀರು, ಭತ್ತದ ರೋಗ

ರಾಯಚೂರು ಜಿಲ್ಲೆಯ ಸಿಂಧನೂರು ಹಿಂದೆ ಜೋಳ, ಹತ್ತಿಯ ಒಣ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಹರಿದ ಮೇಲೆ ಅದು ಭತ್ತದ ಸೀಮೆಯಾಯಿತು. ಇಂದು ನಮ್ಮ ಮಲೆನಾಡಿನ ಅಂಗಡಿಗಳಲ್ಲಿಯೂ ಸೋನಾ ಮಸೂರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಣ್ಣಕ್ಕಿಯಲ್ಲಿ ಆ ಕಡೆಯ ಗದ್ದೆಗಳ ಅಕ್ಕಿ ಸಾಕಷ್ಟಿದೆ. ಪಕ್ಕದ ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಕಾಲುವೆ ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ತೊಗರಿ, ಸಜ್ಜೆ, ಜೋಳ.

ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಬಹುಪ್ರಿಯವಾದ ತಳಿ ಬಿಪಿಟಿ 5204. ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಿಡುಗಡೆಯಾದ ಈ ತಳಿಗೆ ಸಾಂಬಾ ಮಹ್ಸೂರಿ ಎಂದೂ ಹೆಸರು. ಕಾಳು ಸಣ್ಣ, ಅನ್ನ ರುಚಿ, ಪೇಟೆಯಲ್ಲಿ ಬೆಲೆ ಮೇಲು. ಆದರೆ ಇದಕ್ಕೊಂದು ದೊಡ್ಡ ಕೊರತೆ ಉಂಟು: ದುಂಡಾಣು ಎಲೆ ಅಂಗಮಾರಿ ರೋಗಕ್ಕೆ ಇದು ಸುಲಭವಾಗಿ ತುತ್ತಾಗುತ್ತದೆ.

ಈ ರೋಗವನ್ನು ತರುವುದು ಕ್ಸಾಂಥೊಮೊನಾಸ್ ಒರೈಜೆ ಎಂಬ ದುಂಡಾಣು. ಬೆಳಗಿನ ಹೊತ್ತು ಭತ್ತದ ಗರಿಯ ಅಂಚಿನಲ್ಲಿ ಹನಿ ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ. ಆ ಹನಿ ಹೊರಬರುವ ಸೂಕ್ಷ್ಮ ರಂಧ್ರಗಳ ಮೂಲಕವೇ ದುಂಡಾಣು ಒಳಹೊಕ್ಕು, ನೀರು ಸಾಗುವ ನಾಳಗಳಲ್ಲಿ ಬೆಳೆಯುತ್ತದೆ. ನಾಟಿಯ ವೇಳೆ ಸಸಿಯ ತುದಿ ಕತ್ತರಿಸಿದರೆ ಆ ಗಾಯವೂ ಅದಕ್ಕೆ ತೆರೆದ ಬಾಗಿಲು. ಗರಿಯ ತುದಿಯಿಂದ ಅಂಚಿನುದ್ದಕ್ಕೂ ಅಲೆಯಂತೆ ಹಳದಿ ಪಟ್ಟೆ ಮೂಡಿ, ಕೊನೆಗೆ ಹುಲ್ಲಿನಂತೆ ಒಣಗುತ್ತದೆ. ಗುರುತಿಸುವುದು ಸುಲಭ: ರೋಗ ತಗುಲಿದ ಗರಿಯನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ನಿಲ್ಲಿಸಿದರೆ, ಕತ್ತರಿಸಿದ ಬಾಯಿಯಿಂದ ಹಾಲಿನಂತಹ ಸ್ರಾವ ಇಳಿದು ನೀರು ಕದಡುತ್ತದೆ.

ಸಾರಜನಕ ಗೊಬ್ಬರ ಅತಿಯಾದರೆ, ಗಾಳಿಮಳೆ ಹೊಡೆದರೆ, ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹರಿದರೆ ರೋಗ ಹರಡುತ್ತದೆ. ಇದಕ್ಕೆ ಖಚಿತವಾಗಿ ಫಲ ಕೊಡುವ ಸಿಂಪರಣೆ ಇಲ್ಲ. 1963ರಲ್ಲಿ ಬಿಹಾರದಲ್ಲಿ ಈ ರೋಗ ಸಾಂಕ್ರಾಮಿಕವಾಗಿ ಎದ್ದಾಗಲೇ, ಔಷಧಿಗಿಂತ ತಳಿಯೇ ಇದಕ್ಕೆ ಮದ್ದು ಎಂಬುದು ನಮ್ಮ ವಿಜ್ಞಾನಿಗಳಿಗೆ ಮನದಟ್ಟಾಯಿತು. ಹಾಗಾದರೆ ಒಂದು ತಳಿ ಈ ದುಂಡಾಣುವನ್ನು ತಡೆದು ನಿಲ್ಲುವುದು, ಇನ್ನೊಂದು ಬಲಿಯಾಗುವುದು, ಏಕೆ?

ಗ್ರಾಹಿ ಎಂದರೇನು?

ಗಿಡಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ನಮ್ಮ ರಕ್ತದಲ್ಲಿ ತಿರುಗಾಡುವ ಬಿಳಿ ಕಣಗಳಂತಹ ಕಾವಲು ಪಡೆಯೂ ಇಲ್ಲ. ಗಿಡದ ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಅದಕ್ಕಾಗಿ ಕೋಶದ ಹೊರಪೊರೆಯಲ್ಲಿ ಸಾವಿರಾರು ಪ್ರೋಟೀನು ಅಣುಗಳು ನೆಟ್ಟುಕೊಂಡಿರುತ್ತವೆ. ಇವುಗಳಿಗೆ ಗ್ರಾಹಿ ಪ್ರೋಟೀನುಗಳು ಎನ್ನೋಣ.

ಇಂತಹ ಗ್ರಾಹಿಗೆ ಮೂರು ಭಾಗಗಳು. ಹೊರಗೆ ಚಾಚಿಕೊಂಡ ಕೈ, ಪೊರೆಯನ್ನು ತೂರಿಹೋಗುವ ಗೂಟ, ಒಳಗೆ ಇರುವ ಗಂಟೆ. ಹೊರಗಿನ ಕೈಗೆ ಅದಕ್ಕೆ ಒಪ್ಪುವ ವಸ್ತುವೊಂದು ಸಿಕ್ಕಿತೆಂದರೆ ಒಳಗಿನ ಗಂಟೆ ಬಾರಿಸುತ್ತದೆ. ಈ ಒಳಭಾಗಕ್ಕೆ ಕೈನೇಸ್ ಎಂದು ಹೆಸರು. ಅದು ಪಕ್ಕದ ಪ್ರೋಟೀನಿಗೆ ರಂಜಕದ ಒಂದು ತುಣುಕನ್ನು ಅಂಟಿಸುತ್ತದೆ, ಆ ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತದೆ, ಹೀಗೆ ಸುದ್ದಿ ಕೈಯಿಂದ ಕೈಗೆ ಸಾಗಿ ಕೋಶದ ನಡುವಿನ ಬೀಜಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿ ಮಲಗಿದ್ದ ವಂಶವಾಹಿಗಳು, ಅಂದರೆ ಜೀನುಗಳು, ಎಚ್ಚರಗೊಂಡು ಕೋಶಭಿತ್ತಿಯನ್ನು ಗಟ್ಟಿ ಮಾಡುವ, ರೋಗಾಣುವನ್ನು ಕೊಲ್ಲುವ ವಸ್ತುಗಳನ್ನು ತಯಾರಿಸಲು ಆಜ್ಞೆ ಕೊಡುತ್ತವೆ. ತೋಟದ ಬೇಲಿಯಾಚೆ ನಾಯಿ ಬೊಗಳಿದರೆ ಮನೆಯೊಳಗೆ ದೀಪ ಹತ್ತುವಂತೆ ಎಂದುಕೊಂಡರೆ ಸಾಕು.

ಕುಟುಂಬ ದೊಡ್ಡದು, ಪರಿಚಯ ಸಣ್ಣದು

ಗಿಡದಲ್ಲಿ ಇಂತಹ ಗ್ರಾಹಿಯೊಂದರ ಜೀನು ಮೊದಲು ಪತ್ತೆಯಾದದ್ದು 1990ರಲ್ಲಿ, ಮೆಕ್ಕೆಜೋಳದಲ್ಲಿ. ಆ ಬಳಿಕ ಗಿಡಗಳ ಜೀನೋಮ್ ಅನ್ನು, ಅಂದರೆ ಪೂರ್ಣ ವಂಶಲಿಪಿಯನ್ನು, ಓದುವ ವಿದ್ಯೆ ಕೈಗೆ ಬಂತು. ಅರಾಬಿಡಾಪ್ಸಿಸ್ ಎಂಬ ಸಣ್ಣ ಸಾಸಿವೆಜಾತಿಯ ಗಿಡದ ಲಿಪಿಯನ್ನು 2000ದಲ್ಲಿ ಓದಿ ಮುಗಿಸಿದಾಗ, ಅದರಲ್ಲಿ ಈ ಕುಟುಂಬದ ಜೀನುಗಳು 600ಕ್ಕೂ ಹೆಚ್ಚು ಇರುವುದು ಕಂಡಿತು. ಭತ್ತದಲ್ಲಿ ಎಣಿಸಿದಾಗ 1,100ನ್ನೂ ದಾಟಿತು. ಇವುಗಳಲ್ಲಿ ಕೆಲಸ ಖಚಿತವಾಗಿ ತಿಳಿದಿರುವವು ಕೆಲವೇ. ಉಳಿದವುಗಳ ಆಕಾರ ಗೊತ್ತು, ಉದ್ಯೋಗ ಗೊತ್ತಿಲ್ಲ.

ಆಕಾರ ನೋಡಿ ಉದ್ಯೋಗ ಹೇಳಬಾರದೇ ಎಂದರೆ, ಅದು ಆಗದ ಮಾತು. ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ಒಬ್ಬ ತೋಟ ನೋಡುತ್ತಾನೆ, ಒಬ್ಬ ಮಾಸ್ತರ, ಇನ್ನೊಬ್ಬ ವ್ಯಾಪಾರಿ. ಮುಖ ಒಂದೇ, ಕಸುಬು ಬೇರೆ. ಈ ಕುಟುಂಬದ ಬಿಆರ್‌ಐ-1 ಎಂಬ ಗ್ರಾಹಿ ಗಿಡದ ಎತ್ತರವನ್ನು ನಿಯಂತ್ರಿಸುವ ಹಾರ್ಮೋನನ್ನು ಹಿಡಿಯುತ್ತದೆ. ಅದು ಕೆಟ್ಟರೆ ಗಿಡ ಕುಬ್ಜವಾಗುತ್ತದೆ. ಎಫ್‌ಎಲ್‌ಎಸ್-2 ಎಂಬುದು ದುಂಡಾಣುಗಳ ಬಾಲದ ಪ್ರೋಟೀನನ್ನು ಗುರುತಿಸಿ ರೋಗದ ಎಚ್ಚರಿಕೆ ಕೊಡುತ್ತದೆ. ಇದು ತಿಳಿದದ್ದು 2000ದಲ್ಲಿ. ಫೆರೋನಿಯಾ ಎಂಬುದು ಪರಾಗನಾಳವನ್ನು ಬರಮಾಡಿಕೊಂಡು ಬೀಜ ಕಟ್ಟಲು ನೆರವಾಗುತ್ತದೆ. ಅದೇ ಫೆರೋನಿಯಾ ಇಲ್ಲದ ಗಿಡಕ್ಕೆ ಬೂದಿರೋಗ ಕಡಿಮೆ ಎಂಬುದು 2010ರಲ್ಲಿ ಕಂಡುಬಂದಿತು. ಎಂದರೆ, ಬೀಜ ಕಟ್ಟಲು ಬೇಕಾದ ಬಾಗಿಲೇ ಒಂದು ರೋಗಕ್ಕೂ ದಾರಿ! ಒಂದನ್ನು ಮುಚ್ಚಲು ಹೋದರೆ ಇನ್ನೊಂದು ಕೆಡುತ್ತದೆ.

ಕೆಲಸ ಪತ್ತೆ ಮಾಡುವ ದಾರಿಗಳು

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಲ್ಲಿ ಒಂದು ಟನ್ ಅದಿರನ್ನು ಪುಡಿ ಮಾಡಿ ತೊಳೆದರೆ ಕೈಗೆ ಬರುವುದು ಕೆಲವೇ ಗ್ರಾಂ ಚಿನ್ನ. ಜೀನುಗಳ ಕೆಲಸ ಹುಡುಕುವುದೂ ಹೀಗೆಯೇ. ಒಂದೇ ಪರೀಕ್ಷೆಯಿಂದ ಫಲ ಸಿಗದು. ಹಲವು ಜರಡಿಗಳನ್ನು ದಾಟಿ ಬಂದದ್ದು ಮಾತ್ರ ಉಳಿಯುತ್ತದೆ. ಆ ಜರಡಿಗಳು ಇವು:

1. ಹೋಲಿಕೆ. ತಿಳಿಯದ ಪ್ರೋಟೀನಿನ ಅಕ್ಷರಮಾಲೆಯನ್ನು ತಿಳಿದ ಪ್ರೋಟೀನಿನೊಡನೆ ಇಟ್ಟು ನೋಡುವುದು. ಇದರಿಂದ ಬರುವುದು ಊಹೆ ಮಾತ್ರ.

2. ಕೆಡಿಸಿ ನೋಡುವುದು. ಆ ಜೀನನ್ನು ಕೆಡಿಸಿದ ಗಿಡ ಬೆಳೆಸಿ ಏನು ಕುಂದು ಬಂತು ಎಂದು ಗಮನಿಸುವುದು. ಇಲ್ಲೊಂದು ತೊಡಕುಂಟು. ಮೂವರು ಅಣ್ಣತಮ್ಮಂದಿರು ಒಂದೇ ಕೆಲಸ ಹಂಚಿಕೊಂಡಿದ್ದರೆ ಒಬ್ಬನನ್ನು ತೆಗೆದರೂ ಕೆಲಸ ನಿಲ್ಲದು. "ಏನೂ ಆಗಲಿಲ್ಲ" ಎಂದರೆ "ಅದಕ್ಕೆ ಕೆಲಸವಿಲ್ಲ" ಎಂದರ್ಥವಲ್ಲ.

3. ಕಸಿ ಮಾಡಿ ನೋಡುವುದು. ಆ ಜೀನು ಇಲ್ಲದ ತಳಿಗೆ ಅದನ್ನು ಸೇರಿಸಿದಾಗ ಹೊಸ ಗುಣ ಬಂತೇ ಎಂದು ಪರೀಕ್ಷಿಸುವುದು.

4. ಎಲ್ಲಿ, ಯಾವಾಗ ಎಂದು ನೋಡುವುದು. ಬೇರಿನಲ್ಲೋ ಗರಿಯಲ್ಲೋ, ಎಳೆಯದರಲ್ಲೋ ಬಲಿತದ್ದರಲ್ಲೋ ಆ ಪ್ರೋಟೀನು ತಯಾರಾಗುತ್ತದೆ ಎಂಬುದನ್ನು ಅಳೆಯುವುದು.

5. ಜೊತೆಗಾರನನ್ನು ಹುಡುಕುವುದು. ಗ್ರಾಹಿಯ ಹೊರಗೈ ಹಿಡಿಯುವ ವಸ್ತು ಯಾವುದು? ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಈ ಐದನೆಯದು ಏಕೆ ಮುಖ್ಯ ಎಂಬುದಕ್ಕೆ ಮಸ್ಕಿಯ ಶಾಸನವೇ ಉದಾಹರಣೆ. ದೇಶದ ಹಲವು ಕಡೆ ಬಂಡೆಗಳ ಮೇಲೆ "ದೇವಾನಾಂಪ್ರಿಯ" ಎಂಬ ರಾಜನ ಶಾಸನಗಳನ್ನು ವಿದ್ವಾಂಸರು 1837ರಿಂದಲೂ ಓದುತ್ತಿದ್ದರು. ಆತ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಬಂಡೆಯನ್ನು ಕಂಡರು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಅದುವರೆಗಿನ ಅನುಮಾನಕ್ಕೆ ನೇರ ಸಾಕ್ಷ್ಯ ದೊರಕಿತು. ಗ್ರಾಹಿಯ ಜೊತೆಗಾರ ಸಿಕ್ಕುವುದೆಂದರೆ ಹೀಗೆ ಬಿರುದಿನ ಪಕ್ಕದಲ್ಲಿ ಹೆಸರು ಸಿಕ್ಕಿದಂತೆ.

ಎಕ್ಸ್‌ಎ-21ರ ವೃತ್ತಾಂತ

ಆಫ್ರಿಕದ ಮಾಲಿ ದೇಶದಲ್ಲಿ ಒಂದು ಕಾಡುಭತ್ತವಿದೆ. ಕಾಳು ಕಡಿಮೆ, ಅನ್ನಕ್ಕೆ ಆಗದು. ಆದರೆ ಅದು ಅಂಗಮಾರಿ ದುಂಡಾಣುವಿನ ಹಲವು ಬಗೆಗಳನ್ನು ತಡೆದು ನಿಲ್ಲುತ್ತದೆ ಎಂಬುದನ್ನು ಒರಿಸ್ಸಾದ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಎಸ್. ದೇವದತ್ ಅವರು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಖುಷ್ ಮತ್ತು ಸಂಗಡಿಗರು ಆ ಕಾಡುಭತ್ತದ ಗುಣವನ್ನು ಐಆರ್-24 ಎಂಬ ನಾಡುತಳಿಗೆ ಸಂಕರಣದಿಂದ ತಂದರು. ಆ ಗುಣದ ಹಿಂದೆ ಒಂದೇ ಜೀನು ಇರುವುದು ಕಂಡು 1990ರಲ್ಲಿ ಅದಕ್ಕೆ ಎಕ್ಸ್‌ಎ-21 ಎಂದು ಹೆಸರಾಯಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ 1995ರಲ್ಲಿ ಈ ಜೀನನ್ನು ಬೇರ್ಪಡಿಸಿತು. ರೋಗಕ್ಕೆ ಬಲಿಯಾಗುವ ತೈಪೆ-309 ಎಂಬ ತಳಿಗೆ ಅದನ್ನು ಸೇರಿಸಿದಾಗ ಆ ತಳಿ ರೋಗ ತಡೆದು ನಿಂತಿತು. ಮೇಲಿನ ಮೂರನೆಯ ಜರಡಿ ದಾಟಿದಂತಾಯಿತು. ಜೀನಿನಿಂದ ತಯಾರಾಗುವ ಪ್ರೋಟೀನು 1,025 ಅಮೈನೋ ಆಮ್ಲಗಳ ಸರ. ಹೊರಗೈ, ಗೂಟ, ಒಳಗಂಟೆ ಮೂರೂ ಇರುವ ಗ್ರಾಹಿ. ಹೊರಗೈಯಲ್ಲಿ 23 ಮಡಿಕೆಗಳು. ಎಳೆ ಸಸಿಯಲ್ಲಿ ಇದರ ರಕ್ಷಣೆ ಮಂದ, ಗಿಡ ಬಲಿತಂತೆ ಹೆಚ್ಚು ಎಂಬುದೂ ತಿಳಿಯಿತು.

ಆದರೆ ಹೊರಗೈ ಹಿಡಿಯುವುದೇನನ್ನು? ಇಲ್ಲಿಂದ ಮುಂದಿನ 20 ವರ್ಷಗಳ ಕಥೆಯನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕು. 2009ರಲ್ಲಿ ಅದೇ ತಂಡ ದುಂಡಾಣುವಿನ ಒಂದು ಪ್ರೋಟೀನನ್ನು ಹೆಸರಿಸಿ, ಇದೇ ಆ ವಸ್ತು ಎಂದು ಹೆಸರಾಂತ ಪತ್ರಿಕೆಯಲ್ಲಿ ಸಾರಿತು. ಲೋಕವೂ ನಂಬಿತು. ಮುಂದೆ ಪ್ರಯೋಗಶಾಲೆಗೆ ಹೊಸದಾಗಿ ಬಂದವರು ಆ ಪ್ರಯೋಗವನ್ನು ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲ. ಹುಡುಕುತ್ತ ಹೋದಾಗ, ಕೂಡಿಟ್ಟ ದುಂಡಾಣು ಬಗೆಗಳಲ್ಲಿ ಕೆಲವಕ್ಕೆ ಚೀಟಿ ಅದಲುಬದಲಾಗಿದ್ದುದೂ, ಅಳತೆಯ ವಿಧಾನ ಒಮ್ಮೆ ಒಂದು, ಇನ್ನೊಮ್ಮೆ ಬೇರೆ ಫಲ ಕೊಡುತ್ತಿದ್ದುದೂ ಬೆಳಕಿಗೆ ಬಂತು. ತಂಡವೇ ಮುಂದೆ ಬಂದು 2013ರಲ್ಲಿ ತನ್ನ ಲೇಖನಗಳನ್ನು ಹಿಂತೆಗೆದುಕೊಂಡಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಗಾದೆ ಪ್ರಯೋಗಶಾಲೆಗೂ ಸಲ್ಲುತ್ತದೆ.

ಅವರು ಕೈಕಟ್ಟಿ ಕೂರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಿದರು. 2015ರಲ್ಲಿ ನಿಜವಾದ ಜೊತೆಗಾರ ಸಿಕ್ಕಿತು. ಅದರ ಹೆಸರು ರ್ಯಾಕ್ಸ್‌ಎಕ್ಸ್. ಇದು ದುಂಡಾಣು ಹೊರಬಿಡುವ ಸಣ್ಣ ಪ್ರೋಟೀನು. ಅದರ 21 ಅಮೈನೋ ಆಮ್ಲಗಳ ತುಣುಕೊಂದನ್ನು ಕೃತಕವಾಗಿ ತಯಾರಿಸಿ ಎಕ್ಸ್‌ಎ-21 ಇರುವ ಗರಿಗೆ ತಾಗಿಸಿದರೆ ಎಚ್ಚರಿಕೆಯ ಗಂಟೆ ಬಾರಿಸಿತು. ಆ ತುಣುಕಿನಲ್ಲಿ ಗಂಧಕದ ಒಂದು ಗುರುತು ಇರಲೇಬೇಕು. ಗುರುತು ಅಳಿಸಿದರೆ ಗಂಟೆ ಮೌನ. ಎಕ್ಸ್‌ಎ-21 ಇಲ್ಲದ ಗರಿಯಲ್ಲಿಯೂ ಮೌನ. ರ್ಯಾಕ್ಸ್‌ಎಕ್ಸ್ ಇಲ್ಲದ ದುಂಡಾಣು ಎಕ್ಸ್‌ಎ-21 ಇರುವ ಭತ್ತದಲ್ಲಿಯೂ ಆರಾಮವಾಗಿ ಬೆಳೆಯಿತು. ಬೀಗ, ಕೀಲಿ ಎರಡನ್ನೂ ಒಂದೊಂದಾಗಿ ತೆಗೆದು ನೋಡಿ ಖಚಿತಪಡಿಸಿಕೊಂಡ ಬಗೆ ಇದು. ಈ ಎರಡೂ ಒಂದನ್ನೊಂದು ನೇರವಾಗಿ ಹಿಡಿಯುತ್ತವೆ ಎಂಬುದನ್ನು 2019ರಲ್ಲಿ ತೋರಿಸಲಾಯಿತು.

ದುಂಡಾಣು ತನ್ನನ್ನು ಹಿಡಿದುಕೊಡುವ ಈ ವಸ್ತುವನ್ನು ಏಕಾದರೂ ತಯಾರಿಸುತ್ತದೆ? ಉತ್ತರ ಸ್ವಾರಸ್ಯವಾಗಿದೆ. ಗಿಡ ತನ್ನ ಬೆಳವಣಿಗೆಗಾಗಿ ತಾನೇ ತಯಾರಿಸುವ ಪಿಎಸ್‌ವೈ ಎಂಬ ಹಾರ್ಮೋನಿಗೆ ರ್ಯಾಕ್ಸ್‌ಎಕ್ಸ್ ನಕಲು. ಪಿಎಸ್‌ವೈ ಹಿಡಿಯುವ ಗ್ರಾಹಿಗಳು ಅರಾಬಿಡಾಪ್ಸಿಸ್ ಗಿಡದಲ್ಲಿ 2022ರಲ್ಲಿ ಪತ್ತೆಯಾದವು. ಅವು ಮೂರು. ಅವುಗಳ ರೀತಿ ನಾವು ಎಣಿಸಿದ್ದಕ್ಕೆ ತಿರುವುಮುರುವು: ಹಾರ್ಮೋನು ಕೈಗೆ ಸಿಕ್ಕಾಗ ಅವು ಸುಮ್ಮನಿದ್ದು ಗಿಡ ಬೆಳೆಯಲು ಬಿಡುತ್ತವೆ. ಹಾರ್ಮೋನು ಬರದಿದ್ದಾಗ ಕಷ್ಟಕಾಲ ಬಂತೆಂದು ರಕ್ಷಣೆಯ ಕೆಲಸ ಆರಂಭಿಸುತ್ತವೆ. ನಕಲು ಹಾರ್ಮೋನು ಬಿಟ್ಟು "ಎಲ್ಲ ಕ್ಷೇಮ, ಬೆಳೆಯುತ್ತಿರು" ಎಂದು ಗಿಡವನ್ನು ನಂಬಿಸುವುದು ದುಂಡಾಣುವಿನ ಉಪಾಯವಿರಬೇಕೆಂದು ವಿಜ್ಞಾನಿಗಳು ಎಣಿಸುತ್ತಾರೆ. ಎಕ್ಸ್‌ಎ-21 ಮಾತ್ರ ಅಸಲಿಗೆ ಕದಲದೆ ನಕಲಿಗೆ ಮಾತ್ರ ಗಂಟೆ ಬಾರಿಸುತ್ತದೆ.

ಮೂರು ಬೀಗದ ಭತ್ತ

ಪ್ರಯೋಗಶಾಲೆಯ ಈ ತಿಳಿವಳಿಕೆ ಗದ್ದೆಗೆ ಬಂದದ್ದು ಹೈದರಾಬಾದಿನ ಮೂಲಕ. ಅಲ್ಲಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ ಹಾಗೂ ಭತ್ತ ಸಂಶೋಧನಾ ನಿರ್ದೇಶನಾಲಯಗಳು ಸೇರಿ, ಸಿಂಧನೂರಿನವರು ಮೆಚ್ಚುವ ಅದೇ ಬಿಪಿಟಿ 5204ಕ್ಕೆ ಮೂರು ಜೀನುಗಳನ್ನು ಒಟ್ಟಿಗೆ ಸೇರಿಸಿದವು. ಇದಕ್ಕೆ ಸಂಕರಣವನ್ನೇ ಬಳಸಿದರು. ಪ್ರತಿ ಪೀಳಿಗೆಯಲ್ಲಿಯೂ ಯಾವ ಸಸಿಗೆ ಜೀನು ಬಂದಿದೆ ಎಂಬುದನ್ನು ಎಲೆಯ ಡಿಎನ್‌ಎ ಪರೀಕ್ಷೆಯಿಂದ ಆರಿಸಿ, ಮತ್ತೆ ಮತ್ತೆ ಮೂಲ ತಳಿಗೇ ಸಂಕರಿಸಿದರು. ಸುಧಾರಿತ ಸಾಂಬಾ ಮಹ್ಸೂರಿ ಎಂಬ ಹೆಸರಿನಲ್ಲಿ ಅದು 2008ರಲ್ಲಿ ಬಿಡುಗಡೆಯಾಯಿತು.

ಮೂರು ಜೀನುಗಳ ಕೆಲಸ ಮೂರು ಬಗೆ. ಎಕ್ಸ್‌ಎ-21 ಕಳ್ಳನನ್ನು ಗುರುತಿಸಿ ಕೂಗುವ ಕಾವಲುಗಾರ. ಎಕ್ಸ್‌ಎ-13 ಕೂಗುವುದಿಲ್ಲ. ದುಂಡಾಣು ಗಿಡದ ಸಕ್ಕರೆಯ ಕಣಜದ ಬಾಗಿಲನ್ನು ತನ್ನ ಊಟಕ್ಕಾಗಿ ತೆರೆಸುತ್ತದೆ. ಈ ಜೀನು ಇದ್ದರೆ ಆ ಚಿಲಕ ದುಂಡಾಣುವಿನ ಕೈಗೆ ಎಟುಕುವುದಿಲ್ಲ. ಎಕ್ಸ್‌ಎ-5 ಇದ್ದರೆ, ದುಂಡಾಣು ಗಿಡದ ಜೀನುಗಳನ್ನು ತನ್ನಿಷ್ಟದಂತೆ ಓದಿಸಲು ಬಳಸುವ ಸಾಧನವೇ ಅದರ ಮಾತು ಕೇಳುವುದಿಲ್ಲ. ಒಂದು ಬೀಗ ಮುರಿದರೂ ಇನ್ನೆರಡು ಉಳಿಯುತ್ತವೆ. ಮೂರನ್ನೂ ಒಮ್ಮೆಗೇ ಮುರಿಯುವ ದುಂಡಾಣು ಹುಟ್ಟುವುದು ಬಹು ಅಪರೂಪ.

ಕಾಫಿ ಗಿಡದಲ್ಲಿ ಇದೇ ಪಾಠ

ಈ ಪಾಠವನ್ನು ನಮ್ಮ ಹಿರಿಯರು ಬೆಲೆ ತೆತ್ತು ಕಲಿತಿದ್ದಾರೆ. 20ನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಎಲೆ ತುಕ್ಕು ರೋಗ ತಗುಲದ ಅರೇಬಿಕಾ ಗಿಡವೊಂದು ಕಂಡಿತು. ಕೆಂಟ್ ಎಂಬ ತೋಟಗಾರರು ಅದರ ಬೀಜ ಬೆಳೆಸಿದರು. ಕೆಂಟ್ಸ್ ತಳಿ ಎಲ್ಲೆಡೆ ಹರಡಿತು. ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಏಕೆಂದು ತೋರಿಸಿಕೊಟ್ಟವರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಮೇನ್ ಅವರು. ತುಕ್ಕು ಶಿಲೀಂಧ್ರ ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಬಗೆಗಳಿವೆ, ಒಂದು ಬಗೆಗೆ ಜಗ್ಗದ ಗಿಡ ಇನ್ನೊಂದಕ್ಕೆ ಜಗ್ಗುತ್ತದೆ ಎಂದು ಅವರು 1932ರಲ್ಲಿ ಪ್ರಕಟಿಸಿದರು. ಕಾಫಿಯ ತುಕ್ಕುರೋಗದಲ್ಲಿ ಈ ಸತ್ಯ ಜಗತ್ತಿಗೆ ಮೊದಲು ತಿಳಿದದ್ದು ನಮ್ಮ ನೆಲದಿಂದ ಎಂಬುದು ಹೆಮ್ಮೆಯ ಮಾತು.

ಅಲ್ಲಿಂದಲೇ 1940ರ ದಶಕದಲ್ಲಿ ಬಂದ ಎಸ್. 795 ಇಂದಿಗೂ ನಮ್ಮ ತೋಟಗಳಲ್ಲಿದೆ. ಅದರ ತಾಯಿತಂದೆ ಎಸ್. 288 ಮತ್ತು ಕೆಂಟ್ಸ್. ಲೈಬೀರಿಕಾ ಕಾಫಿಯಿಂದ ಬಂದ ಎಸ್‌ಎಚ್-3 ಎಂಬ ನಿರೋಧಕ ಜೀನು ಅದರಲ್ಲಿದೆ. ಆ ಜೀನು ಇರುವ ಭಾಗವನ್ನು ಓದಿ ನೋಡಿದಾಗ, ಕೋಶದ ಹೊರಗಲ್ಲದೆ ಒಳಗೆ ಕಾವಲಿರುವ ಇನ್ನೊಂದು ಜಾತಿಯ ಪ್ರೋಟೀನುಗಳ ಜೀನುಗಳು ಗುಂಪಾಗಿ ಕಂಡುಬಂದಿವೆ. ಕಾಲ ಕಳೆದಂತೆ ಎಸ್. 795ನ್ನೂ ಹಿಡಿಯುವ ತುಕ್ಕಿನ ಬಗೆಗಳು ಬಂದಿವೆ ಎಂಬುದು ತೋಟದಲ್ಲಿ ನಿಂತು ನೋಡುವ ಎಲ್ಲರಿಗೂ ಗೊತ್ತು.

ರೊಬಸ್ಟಾ ಕಾಫಿಯ ಜೀನೋಮ್ 2014ರಲ್ಲಿಯೂ ಅರೇಬಿಕಾದ ವಿವರವಾದ ಜೀನೋಮ್ 2024ರಲ್ಲಿಯೂ ಪ್ರಕಟವಾಗಿವೆ. ಪಟ್ಟಿ ಕೈಗೆ ಬಂದಿದೆ. ಪಟ್ಟಿಯಲ್ಲಿರುವ ಪ್ರತಿ ಗ್ರಾಹಿಯ ಉದ್ಯೋಗ ತಿಳಿಯಲು ಭತ್ತದಲ್ಲಿ ಮಾಡಿದಂತೆಯೇ ಒಂದೊಂದನ್ನೂ ಜರಡಿ ಹಿಡಿಯಬೇಕು. ಭತ್ತದ ಒಂದೇ ಒಂದು ಗ್ರಾಹಿಗೆ ಜೀನು ಸಿಕ್ಕಿದ ಮೇಲೆ ಜೊತೆಗಾರ ಸಿಕ್ಕಲು 20 ವರ್ಷ ಹಿಡಿಯಿತೆಂಬುದನ್ನು ಮರೆಯಬಾರದು.

ಅಡಿಕೆಯ ಮಾತು

ಅಡಿಕೆಯ ಕೊಳೆರೋಗವನ್ನು ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಅವರು ಅಭ್ಯಸಿಸಿ 1910ರಲ್ಲಿ ವಿವರ ಪ್ರಕಟಿಸಿದರು. ಫೈಟಾಫ್ಥೊರಾ ಜಾತಿಯ ಜೀವಿಯೇ ಅದರ ಕಾರಣವೆಂದು ತೋರಿಸಿ, ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ನೆಲೆಗೊಳಿಸಿದರು. ಒಂದು ಶತಮಾನ ದಾಟಿದರೂ ನಮ್ಮ ಮುಖ್ಯ ಆಧಾರ ಅದೇ.

ಆಸೆಗೆ ಎಡೆಯಿಲ್ಲವೆಂದಲ್ಲ. ಫೈಟಾಫ್ಥೊರಾ ಜಾತಿಯ ಜೀವಿಗಳು ಎಲಿಸಿಟಿನ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದನ್ನು ಗುರುತಿಸುವ ಗ್ರಾಹಿಯೊಂದು ಕಾಡು ಆಲೂಗಡ್ಡೆಯಲ್ಲಿ ಸಿಕ್ಕಿತು. ಅದನ್ನು ಊಟದ ಆಲೂಗಡ್ಡೆಗೆ ಸೇರಿಸಿದಾಗ ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಹೆಚ್ಚಿತು ಎಂದು 2015ರಲ್ಲಿ ವರದಿಯಾಯಿತು. ಆಲೂಗಡ್ಡೆಯಲ್ಲಿ ಆದದ್ದು ಅಡಿಕೆಯಲ್ಲಿಯೂ ಆದೀತೆಂದು ಈಗಲೇ ಹೇಳುವಂತಿಲ್ಲ. ಮರ ಬೇರೆ, ರೋಗಾಣುವಿನ ಬಗೆ ಬೇರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. ಸಿಂಧನೂರಿನ ರೈತನಿಗೆ ಈ ಬೆಳೆಯ ತಳಿ ಕೈಕೊಟ್ಟರೆ ಮುಂದಿನ ಹಂಗಾಮಿಗೆ ಬೇರೆ ಬೀಜ ತರಬಹುದು. ನಷ್ಟ ಒಂದು ಬೆಳೆಯದು. ನಾವು ಇಂದು ನೆಟ್ಟ ಅಡಿಕೆ ಸಸಿ ಫಲ ಕೊಡಲು ಹಲವು ವರ್ಷ ಕಾಯಬೇಕು, ಕಾಫಿ ಗಿಡ ನಮ್ಮ ಮಕ್ಕಳ ಕಾಲಕ್ಕೂ ನಿಂತಿರುತ್ತದೆ. ರೋಗಾಣು ವರ್ಷವರ್ಷವೂ ಹೊಸ ಪೀಳಿಗೆ ಕಾಣುತ್ತದೆ. ಗಿಡ ಇದ್ದಲ್ಲೇ ಇರುತ್ತದೆ. ಆದುದರಿಂದ ಒಂದೇ ಬೀಗ ನಂಬಿ ಇಡೀ ತೋಟ ಕಟ್ಟುವುದು ಭತ್ತದವರಿಗಿಂತ ನಮಗೆ ಹೆಚ್ಚು ಅಪಾಯ.

ಬೆಳೆಗಾರರು ಮಾಡಬೇಕಾದ್ದು

1. ಮರುನಾಟಿ ಮಾಡುವಾಗ ಸಸಿ ಮಾರುವವರನ್ನು "ರೋಗ ಬರುವುದಿಲ್ಲವೇ?" ಎಂದು ಕೇಳಿ ಬಿಡಬೇಡಿ. "ಯಾವ ರೋಗಕ್ಕೆ, ಯಾವ ಮೂಲದಿಂದ ಬಂದ ನಿರೋಧಕ ಗುಣ, ಒಂದೋ ಹಲವೋ?" ಎಂದು ಕೇಳಿ. ಉತ್ತರ ಸಿಗದಿದ್ದರೆ ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯಲ್ಲಿ ವಿಚಾರಿಸಿ. ಇಡೀ ತೋಟಕ್ಕೆ ಒಂದೇ ತಳಿ ಹಾಕಬೇಡಿ.

2. ನಿರೋಧಕ ತಳಿಯಿದ್ದರೂ ನೆರಳು ಹದ ಮಾಡುವುದು, ಬಸಿಗಾಲುವೆ, ಕೊಳೆತ ಕಾಯಿ ಆರಿಸಿ ತೆಗೆಯುವುದು ನಿಲ್ಲಬಾರದು. ಅಡಿಕೆಗೆ ಶೇಕಡಾ 1ರ ಬೋರ್ಡೋ ದ್ರಾವಣ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಕಬ್ಬಿಣದ ಪಾತ್ರೆ ಬಳಸಬೇಡಿ. ಹೊಳೆಯುವ ಚಾಕುವನ್ನು ಅದ್ದಿ ನೋಡಿ. ಕೆಂಪು ಕೂತರೆ ಸುಣ್ಣ ಸಾಲದು.

3. ಸಾರಜನಕ ಗೊಬ್ಬರವನ್ನು ಶಿಫಾರಸಿಗಿಂತ ಹೆಚ್ಚು ಕೊಡಬೇಡಿ. ಮೃದುವಾಗಿ ಕೊಬ್ಬಿದ ಎಲೆ ರೋಗಾಣುವಿಗೆ ಔತಣ.

4. "ಗಿಡದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ" ಎಂದು ಯಾರಾದರೂ ದ್ರಾವಣ ತಂದರೆ ಒಮ್ಮೆಗೇ ಇಡೀ ತೋಟಕ್ಕೆ ಹಾಕಬೇಡಿ. ಒಂದು ಸಾಲಿಗೆ ಹಾಕಿ, ಪಕ್ಕದ ಸಾಲನ್ನು ಬರಿದೇ ಬಿಡಿ. ಹೀಗೆ ತೋಟದ ಮೂರು ನಾಲ್ಕು ಕಡೆ ಮಾಡಿ. ಮೇಲಿನ ಒಣಜಾಗಕ್ಕೆ ಹಾಕಿ, ಕೆಳಗಿನ ತೇವದ ಜಾಗ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಾಲುಗಳಿಗೆ ಚೀಟಿ ಕಟ್ಟಿ, ರೋಗ ತಗುಲಿದ ಗೊನೆಗಳನ್ನು ಎಣಿಸಿ ಬರೆದಿಡಿ, ಇಳುವರಿಯನ್ನೂ ತೂಗಿ ಬರೆದಿಡಿ. ರಕ್ಷಣೆಯ ಕೆಲಸಕ್ಕೆ ಎದ್ದ ಗಿಡ ಬೆಳವಣಿಗೆಯಲ್ಲಿ ಹಿಂದೆ ಬೀಳುವುದುಂಟು. ಎರಡು ಮಳೆಗಾಲ ಒಂದೇ ಫಲ ಬಂದರೆ ಆಮೇಲೆ ಹಣ ಹಾಕುವ ಮಾತು.

5. ಸುತ್ತಲೂ ರೋಗವಿದ್ದು ಒಂದು ಗಿಡ ಮಾತ್ರ ವರ್ಷಾನುಗಟ್ಟಲೆ ಶುದ್ಧವಾಗಿ ನಿಂತಿದ್ದರೆ ಅದನ್ನು ಗುರುತು ಮಾಡಿ ಸಂಶೋಧನಾ ಕೇಂದ್ರಕ್ಕೆ ತಿಳಿಸಿ: ಕಾಫಿಯಾದರೆ ಬಾಳೆಹೊನ್ನೂರು, ಅಡಿಕೆಯಾದರೆ ವಿಟ್ಲ. ಅದು ಆಕಸ್ಮಿಕವಾಗಿ ತಪ್ಪಿಸಿಕೊಂಡದ್ದೂ ಇರಬಹುದು, ನಿಜವಾದ ಗುಣವೂ ಇರಬಹುದು. ಪರೀಕ್ಷೆಯಿಂದ ಮಾತ್ರ ತಿಳಿಯಬೇಕು. ಕೆಂಟ್ಸ್ ತಳಿಯೂ ಬೆಳೆಗಾರನ ಕಣ್ಣಿಗೆ ಬಿದ್ದ ಗಿಡದಿಂದಲೇ ಆರಂಭವಾಯಿತು. ಮಾಲಿಯ ಕಾಡುಭತ್ತವನ್ನು ಕಳೆಯೆಂದು ಕಿತ್ತೊಗೆದಿದ್ದರೆ ಎಕ್ಸ್‌ಎ-21 ಸಿಗುತ್ತಿರಲಿಲ್ಲ.

ಮನನಕ್ಕೆ ಕೆಲವು ಪ್ರಶ್ನೆಗಳು

1. ಗ್ರಾಹಿ ಪ್ರೋಟೀನಿನ ಮೂರು ಭಾಗಗಳು ಯಾವುವು? ಪ್ರತಿಯೊಂದರ ಕೆಲಸವೇನು?

2. ಒಂದು ಜೀನನ್ನು ಕೆಡಿಸಿದಾಗ ಗಿಡದಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಏನು ತೀರ್ಮಾನಿಸಬಹುದು, ಏನು ತೀರ್ಮಾನಿಸಬಾರದು?

3. 2009ರ ಫಲಿತಾಂಶ ತಪ್ಪೆಂದು ತಿಳಿದದ್ದು ಹೇಗೆ? ನಿಮ್ಮ ತೋಟದ ಪ್ರಯೋಗದಲ್ಲಿ ಚೀಟಿ ಅದಲುಬದಲಾಗದಂತೆ ಏನು ಮಾಡುವಿರಿ?

4. ಮೂರು ಜೀನುಗಳ ಭತ್ತಕ್ಕೂ ಒಂದೇ ಜೀನಿನ ಕೆಂಟ್ಸ್ ಕಾಫಿಗೂ ಇರುವ ವ್ಯತ್ಯಾಸವನ್ನು ನಿಮ್ಮ ನೆರೆಯ ಬೆಳೆಗಾರರಿಗೆ ನಾಲ್ಕು ಮಾತಿನಲ್ಲಿ ವಿವರಿಸಿ.

ಈ ಪ್ರಶ್ನೆಗಳನ್ನು ಸಂಘದ ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಂಡರೆ ಒಳ್ಳೆಯದು. ಸಾಲು ಬಿಟ್ಟು ಸಾಲಿಗೆ ಪ್ರಯೋಗ ಮಾಡಿದ ಸದಸ್ಯರು ತಮ್ಮ ಲೆಕ್ಕದ ಪುಸ್ತಕವನ್ನೂ ಜೊತೆಗೆ ತರಲಿ. ಹತ್ತು ತೋಟಗಳ ಲೆಕ್ಕ ಒಂದೆಡೆ ಸೇರಿದರೆ, ಒಬ್ಬರ ಕಣ್ಣಿಗೆ ಕಾಣದ್ದು ಎಲ್ಲರಿಗೂ ಕಂಡೀತು.